ಬಿಲ್ಲಿ ಮೆಕ್ರಾಕನ್ ಕುರಿತು ಬರೆಯುತ್ತಿರುವ ಯುವ ಮಿತ್ರರಿಗೆ

ಪ್ರೀತಿಯ ಮಿತ್ರರೆ,

ನಿಮ್ಮ ಲೇಖನದ ಕರಡನ್ನು ಗಮನವಿಟ್ಟು ಓದಿದೆ. ಫುಟ್‌ಬಾಲ್ ಆಟಗಾರ ಮೆಕ್ರಾಕನ್ 1883ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ್ದು, ಡಿಸ್ಟಿಲರಿ ತಂಡದಿಂದ 1904ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಸೇರಿದ್ದು, 1905, 1907, 1909ರ ಲೀಗ್ ಪ್ರಶಸ್ತಿಗಳು, 1910ರ ಎಫ್.ಎ. ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ), ಎಲ್ಲವೂ ಸರಿಯಾಗಿವೆ. ಆದರೆ ಈ ಗೆಲುವುಗಳು ಇಡೀ ತಂಡಕ್ಕೆ ಸೇರಿದವು. ಅವರನ್ನು ಉಳಿದವರಿಂದ ಬೇರೆಯಾಗಿ ನಿಲ್ಲಿಸಿದ್ದು ಆಫ್‌ಸೈಡ್ ತಂತ್ರ. ಅದಕ್ಕೆ ನೀವು ಒಂದೇ ವಾಕ್ಯ ಕೊಟ್ಟಿದ್ದೀರಿ.

ಮೊದಲು ಆ ಕಾಲದ ನಿಯಮವನ್ನು ಓದುಗರಿಗೆ ಬಿಡಿಸಿ ಹೇಳಿ. ಜೊತೆಗಾರನು ಚೆಂಡನ್ನು ಒದೆಯುವ ಕ್ಷಣದಲ್ಲಿ ಮುಂದಿರುವ ಫಾರ್ವರ್ಡ್‌ಗೂ (ಗೋಲು ಹೊಡೆಯಲು ಮುನ್ನುಗ್ಗುವ ಆಟಗಾರ) ಗೋಲಿನ ಗೆರೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳು ಇರಬೇಕಿತ್ತು. ಸಾಮಾನ್ಯವಾಗಿ ಆ ಮೂವರೆಂದರೆ ಗೋಲ್‌ಕೀಪರ್ ಮತ್ತು ಇಬ್ಬರು ಫುಲ್‌ಬ್ಯಾಕ್‌ಗಳು, ಅಂದರೆ ಹಿಂದೆ ನಿಂತು ಗೋಲನ್ನು ಕಾಯುವ ಆಟಗಾರರು. ಹೀಗಾಗಿ ಇಬ್ಬರಲ್ಲಿ ಒಬ್ಬ ಬ್ಯಾಕ್ ಸರಿಯಾದ ಗಳಿಗೆಯಲ್ಲಿ ಮುಂದೆ ಸರಿದರೆ ಸಾಕು, ಫಾರ್ವರ್ಡ್ ಆಫ್‌ಸೈಡ್ ಆಗಿ, ಅಂದರೆ ನಿಯಮ ಮೀರಿದ ಜಾಗದಲ್ಲಿ ಸಿಕ್ಕಿಬಿದ್ದು, ಆಟ ನಿಲ್ಲುತ್ತಿತ್ತು. ಅಂದಾಜು ತಪ್ಪಿದರೂ ಇನ್ನೊಬ್ಬ ಬ್ಯಾಕ್ ಹಿಂದೆ ಕಾವಲಿರುತ್ತಿದ್ದ. ಮೆಕ್ರಾಕನ್ ಈ ಅವಕಾಶವನ್ನು ತಮ್ಮ ಜೊತೆಗಾರ ಫ್ರಾಂಕ್ ಹಡ್ಸ್‌ಪೆತ್ ಅವರೊಂದಿಗೆ ಪೂರ್ಣವಾಗಿ ಬಳಸಿಕೊಂಡರು. ಪರ ಊರಿನ ಪ್ರೇಕ್ಷಕರ ಕೋಪಕ್ಕೆ ಅವರು ಗುರಿಯಾದದ್ದು ಒರಟು ಆಟಕ್ಕಲ್ಲ, ಆಟದ ಓಟವನ್ನೇ ಮತ್ತೆ ಮತ್ತೆ ತಡೆದು ನಿಲ್ಲಿಸಿದ್ದಕ್ಕೆ.

‘ನಿಯಮವನ್ನೇ ಬದಲಿಸಿದ ಆಟಗಾರ’ ಎಂಬ ನಿಮ್ಮ ಮಾತನ್ನು ದಯವಿಟ್ಟು ಸಡಿಲಿಸಿ. ನಾಟ್ಸ್ ಕೌಂಟಿ ತಂಡದ ಬ್ಯಾಕ್‌ಗಳಾದ ಮಾರ್ಲಿ ಮತ್ತು ಮಾಂಟ್ಗೊಮರಿ ಕೂಡ ಈ ತಂತ್ರಕ್ಕೆ ಹೆಸರಾಗಿದ್ದರು, ಬೇರೆ ತಂಡಗಳೂ ಅದನ್ನು ಕಲಿತಿದ್ದವು. 1925ರಲ್ಲಿ ಮೂವರ ಬದಲು ಇಬ್ಬರು ಸಾಕೆಂದು ನಿಯಮ ಬದಲಾದಾಗ ಮೆಕ್ರಾಕನ್ ನ್ಯೂಕ್ಯಾಸಲ್ ಬಿಟ್ಟು ಎರಡು ವರ್ಷವಾಗಿತ್ತು. ಪರಿಣಾಮವನ್ನು ಮಾತ್ರ ಅಂಕಿಯಲ್ಲೇ ಕೊಡಿ: ಮೊದಲ ಡಿವಿಷನ್‌ನಲ್ಲಿ ಹಿಂದಿನ ಋತುವಿನಲ್ಲಿ 1,192 ಗೋಲುಗಳಿದ್ದರೆ 1925-26ರಲ್ಲಿ 1,703 ಆದವು.

ಅಂತರರಾಷ್ಟ್ರೀಯ ಪಂದ್ಯಗಳ ಭಾಗದಲ್ಲಿ ನೀವು 1902ರ ಮೊದಲ ಪಂದ್ಯದಿಂದ 1923ರ ಕೊನೆಯ ಪಂದ್ಯಕ್ಕೆ ನೇರವಾಗಿ ಜಿಗಿದಿದ್ದೀರಿ. ನನಗೆ ಅತ್ಯಂತ ಮುಖ್ಯವೆನಿಸುವುದು ನಡುವಿನ ಖಾಲಿ ವರ್ಷಗಳು. ಇಂಗ್ಲೆಂಡ್ ಆಟಗಾರರಿಗೆ ಸಿಗುತ್ತಿದ್ದಷ್ಟೇ ಸಂಭಾವನೆ ತಮಗೂ ಬೇಕೆಂದು ಕೇಳಿದ್ದಕ್ಕೆ ಐರಿಷ್ ಫುಟ್‌ಬಾಲ್ ಸಂಸ್ಥೆ ಅವರನ್ನು ದೂರವಿಟ್ಟಿತು. 1914ರಲ್ಲಿ ಐರ್ಲೆಂಡ್ ಮೊದಲ ಬಾರಿಗೆ ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಡುವಿನ ಟೂರ್ನಿ) ಯಾರೊಂದಿಗೂ ಹಂಚಿಕೊಳ್ಳದೆ ಗೆದ್ದಾಗ ಅಂದಿನ ಅತ್ಯುತ್ತಮ ಐರಿಷ್ ಬ್ಯಾಕ್ ತಂಡದಲ್ಲಿ ಇರಲಿಲ್ಲ. ದುಡಿಮೆಗೆ ತಕ್ಕ ಕೂಲಿ ಕೇಳಿದ ಆಟಗಾರನ ಈ ನಿಲುವನ್ನು ಹಠವೆಂದು ಬರೆಯಬೇಡಿ, ಅದು ನ್ಯಾಯವಾದ ಬೇಡಿಕೆಯಾಗಿತ್ತು.

ಮ್ಯಾನೇಜರ್ ಆಗಿದ್ದ ದಿನಗಳನ್ನು ಚಿಕ್ಕದಾಗಿ ಮುಗಿಸಬಹುದು, ಆದರೆ 1930ನ್ನು ಬಿಡಬೇಡಿ. ಎರಡನೇ ಡಿವಿಷನ್‌ನಲ್ಲಿದ್ದ ಅವರು ನೋಡಿಕೊಳ್ಳುತ್ತಿದ್ದ ಹಲ್ ಸಿಟಿ ತಂಡ ಆ ವರ್ಷ ಎಫ್.ಎ. ಕಪ್ ಪಂದ್ಯದಲ್ಲಿ ನ್ಯೂಕ್ಯಾಸಲನ್ನೇ ಸೋಲಿಸಿ ಸೆಮಿಫೈನಲ್ ತಲುಪಿ, ಮರುಪಂದ್ಯದಲ್ಲಿ ಆರ್ಸೆನಲ್‌ಗೆ ಸೋತಿತು. ಹೊಸ ಆಫ್‌ಸೈಡ್ ನಿಯಮ ಬಂದ ಮೇಲೆ, 1925ರ ಅಕ್ಟೋಬರ್‌ನಲ್ಲಿ ನ್ಯೂಕ್ಯಾಸಲ್ ಎದುರು 7-0 ಅಂತರದಿಂದ ಸೋತು, ನಡುಸಾಲಿನ ಆಟಗಾರನಾದ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ನಿಲ್ಲಿಸಿ ತನ್ನ ಆಟವನ್ನು ಹೊಸದಾಗಿ ಕಟ್ಟಿಕೊಂಡದ್ದು ಇದೇ ಆರ್ಸೆನಲ್. ಈ ಎರಡು ಸಂಗತಿಗಳನ್ನು ಒಂದೇ ಪ್ಯಾರಾದಲ್ಲಿ ಇಟ್ಟು, ತಿದ್ದಿದ ಕರಡನ್ನು ನನಗೆ ಕಳುಹಿಸಿ.

ನಿಮ್ಮ ಹಿತೈಷಿ