ಗಾಲ್ಫ್‌ನಲ್ಲಿ ಬಲಗೈಗೂ ಕೆಲಸ ಇದೆ

ಮಾನ್ಯ ಸಂಪಾದಕರೇ,

2021ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ ಟೋಕಿಯೊ ಒಲಿಂಪಿಕ್ಸ್‌ ಗಾಲ್ಫ್ ಪದಕ ಒಂದೇ ಹೊಡೆತದ ಅಂತರದಲ್ಲಿ ಕೈತಪ್ಪಿತಲ್ಲ, ಅವತ್ತು ಬೆಳಗ್ಗೆ ಟಿ.ವಿ. ಮುಂದೆ ಕೂತವನು ಏಳಲೇ ಇಲ್ಲ. ಮುಂದಿನ ತಿಂಗಳೇ ಗಾಲ್ಫ್ ಕಲಿಯಲು ಸೇರಿದೆ. ಮೊದಲ ದಿನ ಹೇಳಿಕೊಟ್ಟಿದ್ದು ಒಂದೇ ಮಾತು: ‘ಇದು ಎಡಗೈ ಆಟ, ಬಲಗೈನ ಮರೆತುಬಿಡಿ.’ ಎರಡು ವರ್ಷ ಮರೆತೆ. ಚೆಂಡು ಪ್ರತಿ ಸಲ ಬಲಕ್ಕೆ ಸೊಟ್ಟಗೆ ತಿರುಗಿ ಬೇಲಿ ಪಕ್ಕ ಬೀಳುತ್ತಿತ್ತು. ಈಗಲೂ ಹೊಸಬರಿಗೆ ಅದೇ ಪಾಠ ನಡೀತಿದೆ, ಅದಕ್ಕೇ ಈ ಪತ್ರ.

ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ. ಎಡಗೈ ಮೇಲೆ, ಬಲಗೈ ಕೆಳಗೆ. ಎಡಗೈಯ ಕೊನೆಯ ಮೂರು ಬೆರಳು ಕ್ಲಬ್ಬನ್ನು, ಅಂದರೆ ಚೆಂಡು ಹೊಡೆಯುವ ಕೋಲನ್ನು, ಭದ್ರವಾಗಿ ಹಿಡಿದಿರಬೇಕು. ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಭಾಗ, ಯಾವ ಕಡೆಗಿದೆ ಅನ್ನೋದು ಹೆಚ್ಚಾಗಿ ಆ ಹಿಡಿತದ ಮೇಲೇ ನಿಂತಿದೆ. ಗ್ಲೌಸ್ ಎಡಗೈಗೆ ಮಾತ್ರ ಹಾಕೋದೂ ಅದಕ್ಕೇ. ನನ್ನ ಗ್ಲೌಸ್ ಎರಡೇ ತಿಂಗಳಿಗೆ ಅಂಗೈ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ತೂತು ಬೀಳುತ್ತಿತ್ತು. ಆಟಗಾರರ ಚೀಲ ಹೊರುವ ವಯಸ್ಸಾದ ಕ್ಯಾಡಿಯೊಬ್ಬರು ನಾನು ಕ್ಲಬ್ ಬೀಸೋದನ್ನು ನೋಡಲೇ ಇಲ್ಲ, ಗ್ಲೌಸ್ ತಿರುಗಿಸಿ ನೋಡಿ, ‘ಸರ್, ಕ್ಲಬ್ಬು ಕೈಯೊಳಗೆ ಜಾರ್ತಾ ಇದೆ, ಅಂಗೈಲಿ ಅಲ್ಲ, ಬೆರಳಲ್ಲಿ ಹಿಡೀರಿ’ ಅಂದರು. ಅರ್ಧ ರೋಗ ಅಲ್ಲಿತ್ತು.

ಇನ್ನರ್ಧ ಬಲಗೈಯಲ್ಲಿ. ಚೆಂಡಿಗೆ ವೇಗ ಕೊಡುವುದರಲ್ಲಿ ಬಲಗೈಯ ಪಾಲು ದೊಡ್ಡದು. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಪುಟಿಯೋ ಹಾಗೆ ಎಸೀತೀವಲ್ಲ, ಮೊಣಕೈ ಮೈಗೆ ಹತ್ತಿಕೊಂಡು ಮುಂದೆ ಬರುತ್ತೆ, ಮಣಿಕಟ್ಟು ಹಿಂದಕ್ಕೆ ಬಾಗಿಯೇ ಇದ್ದು ಕೊನೆಗೆ ಬಿಚ್ಚಿಕೊಳ್ಳುತ್ತೆ, ಹೆಚ್ಚುಕಡಿಮೆ ಅದೇ ಚಲನೆ ಇದು. ಚೆಂಡು ಮುಟ್ಟುವ ಹೊತ್ತಿಗೆ ಎಡ ಮಣಿಕಟ್ಟು ಚಪ್ಪಟೆ, ಬಲ ಮಣಿಕಟ್ಟು ಇನ್ನೂ ಬಾಗಿರಬೇಕು. ಚೆಂಡಿಗೂ ಕ್ಲಬ್ಬಿಗೂ ಸಂಪರ್ಕ ಇರೋದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು ಅಷ್ಟೇ, ಆಗ ಏನನ್ನೂ ಸರಿಪಡಿಸೋಕೆ ಆಗಲ್ಲ. ಬಲಗೈ ಅವಸರಪಟ್ಟು ಮೊದಲೇ ಬಿಚ್ಚಿಕೊಂಡರೆ ಚೆಂಡಿಗಿಂತ ಮುಂಚೆ ನೆಲಕ್ಕೆ ಏಟು. ಹಾಗಂತ ಅದನ್ನು ಮಲಗಿಸಿಬಿಟ್ಟರೆ ಕ್ಲಬ್ಬಿನ ಮುಖ ಬಲಕ್ಕೆ ತೆರೆದೇ ಉಳಿಯುತ್ತೆ, ಚೆಂಡೂ ಬಲಕ್ಕೇ ತಿರುಗುತ್ತೆ, ನನಗಾದ ಹಾಗೆ.

ಕ್ರಿಕೆಟ್ ಆಡಿ ಬಂದವರಿಗೆ ಇದು ಬೇಗ ಅರ್ಥ ಆಗಬೇಕು. ಸ್ಟ್ರೇಟ್ ಡ್ರೈವ್‌ನಲ್ಲೂ ಮೇಲಿನ ಕೈ ದಾರಿ ತೋರಿಸುತ್ತೆ, ಆದರೆ ಕೆಳಗಿನ ಕೈ ಬಿಟ್ಟು ಆಡಿ ಅಂತ ಯಾರೂ ಹೇಳಲ್ಲ, ಅಲ್ವಾ? ಮೂರು ಸಲ ಬ್ರಿಟಿಷ್ ಓಪನ್ ಗೆದ್ದ ಹೆನ್ರಿ ಕಾಟನ್ ಎರಡೂ ಕೈ ಬಲವಾಗಲಿ ಅಂತ ಹಳೇ ಟೈರಿಗೆ ಕ್ಲಬ್ಬಿನಿಂದ ಹೊಡೆದು ಅಭ್ಯಾಸ ಮಾಡಿಸುತ್ತಿದ್ದರು. ನಾನೀಗ ವಾರಕ್ಕೆರಡು ದಿನ ಸಣ್ಣ ಕ್ಲಬ್ಬಿನಲ್ಲಿ ಒಂದೊಂದೇ ಕೈಯಿಂದ ಇಪ್ಪತ್ತು ಗಜದ ಹೊಡೆತ ಹೊಡೀತೀನಿ, ಹತ್ತು ಎಡಗೈಲಿ, ಹತ್ತು ಬಲಗೈಲಿ. ಯಾವ ಕೈ ಏನು ಮಾಡುತ್ತೆ ಅಂತ ತಾನಾಗೇ ತಿಳಿಯುತ್ತೆ. ಬೇಲಿ ಕಡೆ ಹೋಗುವ ಚೆಂಡು ತುಂಬಾ ಕಡಿಮೆಯಾಗಿದೆ.

ಒಂದು ಕೋರಿಕೆ. ಕ್ರೀಡಾ ಪುಟದಲ್ಲಿ ಗಾಲ್ಫ್ ಬಗ್ಗೆ ಬರೆದಾಗ ಹಿಡಿತದ ಚಿತ್ರವನ್ನು ದಯವಿಟ್ಟು ಆಟಗಾರನ ಕಣ್ಣಿಗೆ ಕಾಣುವ ಹಾಗೆ, ಮೇಲಿನಿಂದ ತೆಗೆದು ಹಾಕಿ. ಎದುರಿನಿಂದ ತೆಗೆದ ಚಿತ್ರ ನೋಡಿ ಕಲಿಯುವ ಮಕ್ಕಳು ಎಡಗೈ ಜಾಗದಲ್ಲಿ ಬಲಗೈ ಇಡುವುದನ್ನು ನಾನೇ ನೋಡಿದ್ದೇನೆ.

– ನಿಮ್ಮ ಓದುಗ, ಬೆಂಗಳೂರು