ಹಾರ ಹಾಕುವವರ ಸಾಲಿನಲ್ಲಿ ನಿಲ್ಲಬೇಡ

ಪ್ರೀತಿಯ ಮಗಳೇ,

ದೇವರಾಜ ಅರಸರ ಬಗ್ಗೆ ನೀನು ಬರೆದ ಹಸ್ತಪ್ರತಿ ತಲುಪಿತು. ಜೊತೆಗಿದ್ದ ಪತ್ರವನ್ನೂ ಓದಿದೆ. ಪ್ರಕಾಶಕರು ಹಿಂದಿರುಗಿಸಿದ್ದಕ್ಕೆ ಬರೆಯುವುದನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀಯೆ. ನಿಜವಾಗಿ ಬಿಡುವವರು ಯಾರನ್ನೂ ಕೇಳುವುದಿಲ್ಲ. ಆ ಮಾತು ಅಲ್ಲಿಗೆ ಮುಗಿಯಲಿ. ಅಧ್ಯಾಯ ಎಷ್ಟಿರಬೇಕು, ಫೋಟೊ ಎಲ್ಲಿ ಬರಬೇಕು ಎಂಬುದನ್ನೆಲ್ಲ ಪುಸ್ತಕ ಅಚ್ಚು ಹಾಕುವವರು ನೋಡಿಕೊಳ್ಳುತ್ತಾರೆ. ಮುನ್ನುಡಿಯನ್ನು ಮಾತ್ರ ಯಾವ ಮಂತ್ರಿಯಿಂದಲೂ ಬರೆಸಬೇಡ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. 1915ರಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದ ಕೂಸು ನಿನ್ನ ಪುಸ್ತಕದಲ್ಲಿ ತೊಟ್ಟಿಲಲ್ಲೇ ಬಡವರ ಬಂಧು. 1941ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬರುವ ಹೊತ್ತಿಗಾಗಲೇ ಹಿಂದುಳಿದವರ ಹರಿಕಾರ. ಆಮೇಲೆ ಆ ಮನುಷ್ಯ ಒಮ್ಮೆಯೂ ಹಿಂಜರಿಯುವುದಿಲ್ಲ, ಯಾರಿಗೂ ಕೈಕೊಡುವುದಿಲ್ಲ, ಲೆಕ್ಕ ಹಾಕುವುದಿಲ್ಲ. ಲೆಕ್ಕವನ್ನೇ ಹಾಕದವರು ಈ ರಾಜ್ಯದಲ್ಲಿ ಮುಖ್ಯಮಂತ್ರಿಯಾದದ್ದುಂಟೇ? 1956ರ ಏಕೀಕರಣದಿಂದ 1971ರವರೆಗೆ ಆ ಕುರ್ಚಿಯಲ್ಲಿ ಕುಳಿತವರೆಲ್ಲ ಲಿಂಗಾಯತರು. ಅವರಿಗೆ ಪೈಪೋಟಿ ಕೊಡುವಷ್ಟು ಬಲವಿದ್ದವರು ಒಕ್ಕಲಿಗರು. ಅರಸು ಸಮುದಾಯಕ್ಕೆ ಅರಮನೆಯ ನಂಟಿತ್ತು, ನಿಜ. ತಲೆ ಎಣಿಸಿದರೆ ಒಂದು ಕ್ಷೇತ್ರವನ್ನೂ ತಾನಾಗಿ ಗೆಲ್ಲಲಾರದಷ್ಟು ಚಿಕ್ಕದು. 1969ರಲ್ಲಿ ಕಾಂಗ್ರೆಸ್ ಒಡೆದು, ಇಲ್ಲಿನ ದೊಡ್ಡ ತಲೆಗಳು ನಿಜಲಿಂಗಪ್ಪನವರ ಜೊತೆ ಉಳಿದಾಗ ಇವರು ಇಂದಿರಾ ಗಾಂಧಿಯವರ ಕಡೆ ನಿಂತದ್ದು ನಂಬಿಕೆಯೋ ಜೂಜೋ? 1972ರಲ್ಲಿ ಮುಖ್ಯಮಂತ್ರಿಯಾದ ವರ್ಷವೇ ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ನೇಮಿಸಿದ್ದು ಕಾಳಜಿಯೋ, ತನ್ನದೇ ಒಂದು ಮತದ ನೆಲೆ ಕಟ್ಟಿಕೊಳ್ಳುವ ಜಾಣತನವೋ? ಎರಡೂ ಇದ್ದಿರಬೇಕು. ಎರಡೂ ಇದ್ದ ಆ ಅರಸರನ್ನು ನೋಡಬೇಕೆಂದೇ ನಾನು ನಿನ್ನ ಪುಸ್ತಕ ಬಿಚ್ಚಿದ್ದು.

ಹಾಗೆಂದು ನಿನಗೆ ಬರೆಯಲು ಬರುವುದಿಲ್ಲವೆಂದು ಹೇಳಿದರೆ ನಾಲಿಗೆ ಬಿದ್ದು ಹೋದೀತು. ಭೂನ್ಯಾಯಮಂಡಳಿಯ ಆ ಪುಟವನ್ನು ಮತ್ತೆ ಮತ್ತೆ ಓದಿದೆ. ನಿನ್ನ ಅಜ್ಜ ತಾವು ಗೇಣಿಗೆ ಉಳುತ್ತಿದ್ದ ಭೂಮಿ ತಮಗೇ ಸಿಗಲೆಂದು ಡಿಕ್ಲರೇಶನ್, ಅಂದರೆ ಅರ್ಜಿ, ಹಾಕಿದ್ದಾರೆ. ವಿಚಾರಣೆಯ ದಿನ ಬಂದಿದೆ. ಅಧ್ಯಕ್ಷರಾಗಿ ಅಸಿಸ್ಟೆಂಟ್ ಕಮಿಷನರ್, ಪಕ್ಕದಲ್ಲಿ ಸರ್ಕಾರ ನೇಮಿಸಿದ ಸದಸ್ಯರು. ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿಲ್ಲವಾದ್ದರಿಂದ ಧಣಿಯೂ ಒಕ್ಕಲೂ ತಮ್ಮ ತಮ್ಮ ಬಾಯಿಂದಲೇ ಮಾತನಾಡಬೇಕು. ಇರುವುದು ಒಂದೇ ಬೆಂಚು. ಕುಳಿತುಕೊಳ್ಳಿ ಎಂದು ಅಧಿಕಾರಿ ಹೇಳುತ್ತಾರೆ. ಧಣಿ ಬೆಂಚಿನ ಮೇಲಿಟ್ಟ ಕೊಡೆಯನ್ನು ತೆಗೆಯುವುದಿಲ್ಲ. ಅಜ್ಜ ಬೆಂಚಿನ ಕಾಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಯಾವ ವರ್ಷದಿಂದ ಗೇಣಿ ಕೊಡುತ್ತಿದ್ದೀ ಎಂಬ ಪ್ರಶ್ನೆಗೆ ಅಲ್ಲಿಂದಲೇ, ಅಧಿಕಾರಿಯ ಮುಖ ಬಿಟ್ಟು ಧಣಿಯ ಮುಖ ನೋಡುತ್ತಾ ಉತ್ತರಿಸುತ್ತಾರೆ. 1974ರ ಭೂಸುಧಾರಣಾ ತಿದ್ದುಪಡಿ ಏನು ಮಾಡಿತು, ಏನು ಮಾಡಲು ಆಗಲಿಲ್ಲ ಎಂಬುದೆಲ್ಲ ಆ ಕೊಡೆಯಲ್ಲಿದೆ. ಅಷ್ಟು ಬರೆದು ಕೂಡಲೇ ನೀನು ಏನು ಸೇರಿಸಿದ್ದೀಯೆ? ‘ಹೀಗೆ ಅರಸರು ದೀನದಲಿತರ ಬಾಳಿಗೆ ಬೆಳಕಾದರು.’ ಆ ಸಾಲನ್ನು ಓದಿ ಹಸ್ತಪ್ರತಿಯನ್ನು ಮೇಜಿನ ಮೇಲೆ ಕುಕ್ಕಿದೆ. ಹೊಡೆದುಹಾಕು ಅದನ್ನು. ಗೇಣಿಯ ಅಕ್ಕಿಯನ್ನೇ ನಂಬಿ ಬದುಕುತ್ತಿದ್ದ ಎರಡು ಗದ್ದೆಯ ವಿಧವೆಯರೂ ಇದೇ ಕಾನೂನಿನಲ್ಲಿ ಭೂಮಿ ಕಳೆದುಕೊಂಡರು. ಅಂಥವರ ಮಕ್ಕಳು ಮೊಮ್ಮಕ್ಕಳು ಕರಾವಳಿಯ ಪ್ರತಿ ಊರಿನಲ್ಲೂ ಇದ್ದಾರೆ. ಒಬ್ಬರನ್ನಾದರೂ ಹೋಗಿ ಮಾತನಾಡಿಸು. ಅವರು ಹೇಳುವುದನ್ನು ಕೇಳಿದ ಮೇಲೂ ಕಾನೂನು ಸರಿಯೆಂದೇ ನಿನಗೆ ಅನ್ನಿಸಬಹುದು, ನನಗಂತೂ ಅನ್ನಿಸಿದೆ. ಆದರೆ ಅವರನ್ನು ಕೇಳದೆ ಹಾಗೆ ಬರೆಯಬೇಡ.

ಈಗ ತುರ್ತು ಪರಿಸ್ಥಿತಿ. ಮೂರು ಸಾಲು! ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದಕ್ಕೆ ಒಂದಿಡೀ ಅಧ್ಯಾಯ ಕೊಟ್ಟವಳು ಇದಕ್ಕೆ ಮೂರು ಸಾಲು ಕೊಟ್ಟಿದ್ದೀಯೆ. ನಿನ್ನ ಅಜ್ಜನಂಥವರ ಅರ್ಜಿಗಳ ವಿಚಾರಣೆ ನಡೆಯುತ್ತಿದ್ದ ವರ್ಷಗಳಲ್ಲೇ ಬೆಂಗಳೂರಿನ ಜೈಲು ವಿಚಾರಣೆಯಿಲ್ಲದ ಬಂಧಿಗಳಿಂದ ತುಂಬಿತ್ತು. ವಾಜಪೇಯಿ, ಅಡ್ವಾಣಿ ಸಿಕ್ಕಿಬಿದ್ದದ್ದು ಬೆಂಗಳೂರಿನಲ್ಲೇ. ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳಿದ್ದು ಅದೇ ಜೈಲಿನಲ್ಲಿ. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಒಬ್ಬನೇ ಮುಖ್ಯಮಂತ್ರಿ, ಒಂದೇ ಸರ್ಕಾರ. ಭೂಮಿಯ ಕಥೆಯನ್ನು ಒಂದು ಅಧ್ಯಾಯಕ್ಕೂ ಜೈಲಿನ ಕಥೆಯನ್ನು ಅಡಿಟಿಪ್ಪಣಿಗೂ ಹಂಚಿ ಕೈತೊಳೆದುಕೊಂಡರೆ ನಡೆಯುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಬರೆ. ಓದುಗರಿಗೆ ಕಸಿವಿಸಿಯಾದರೆ ಆಗಲಿ.

ಈ ವಿಷಯದಲ್ಲಿ ನನಗೊಂದು ಹಳೆಯ ಕಹಿಯಿದೆ. ಬಹಳ ಹಿಂದೆ ಒಂದು ಸ್ಮರಣ ಸಂಚಿಕೆಗೆ ಅರಸರ ಬಗ್ಗೆ ಲೇಖನ ಕೇಳಿದರು. ಅರಸರ ಮೇಲಿನ ಭ್ರಷ್ಟಾಚಾರದ ದೂರುಗಳ ತನಿಖೆಗೆ ಕೇಂದ್ರ ನೇಮಿಸಿದ ಗ್ರೋವರ್ ಆಯೋಗ ಕೆಲವು ಆರೋಪಗಳನ್ನು ಎತ್ತಿಹಿಡಿದದ್ದನ್ನು, ಆ ಆಯೋಗವನ್ನು ಪ್ರಶ್ನಿಸಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ 1977ರಲ್ಲಿ ಸೋತದ್ದನ್ನು ಬರೆದು, ಅಷ್ಟಾದರೂ 1978ರ ಫೆಬ್ರವರಿಯಲ್ಲಿ ಜನ 224ರಲ್ಲಿ 149 ಸ್ಥಾನ ಕೊಟ್ಟು ಅವರನ್ನೇ ಗೆಲ್ಲಿಸಿದ್ದು ಯಾಕೆ ಎಂದು ಕೇಳಿದ್ದೆ. ಅಚ್ಚಾಗಿ ಬಂದಾಗ ಆಯೋಗವೂ ಇಲ್ಲ, ಕೋರ್ಟೂ ಇಲ್ಲ. 149 ಮಾತ್ರ ಉಳಿದಿತ್ತು. ಸಂಪಾದಕರನ್ನು ಕೇಳಿದರೆ, ‘ಸಂದರ್ಭ ಶುಭವಾದದ್ದು ಸಾರ್’ ಎಂದರು. ಹುಸಿಯಾದ ಹೊಗಳಿಕೆ ನನ್ನ ಹೆಸರಿನಲ್ಲಿ ಈಗಲೂ ಯಾವುದೋ ಗ್ರಂಥಾಲಯದಲ್ಲಿ ಕುಳಿತಿದೆ. ಆ ಸಂಪಾದಕರ ಮೇಲಿನ ಕೋಪ ಇವತ್ತಿಗೂ ಇಳಿದಿಲ್ಲ.

ಹೊಗಳಿ ಬರೆದವರಿಗೆ ಹೊಗಳಿಕೆ ಬೇಗ ಸಿಗುತ್ತದೆ, ನೋಡು. ನಿನ್ನ ಪುಸ್ತಕ ಈಗಿರುವಂತೆಯೇ ಬಂದರೆ ಜಯಂತಿಯ ದಿನ ವೇದಿಕೆಗೆ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ, ಒಂದಷ್ಟು ಪ್ರತಿ ಕೊಳ್ಳುತ್ತಾರೆ. ಮುಂದಿನ ವರ್ಷ ಇನ್ನೊಬ್ಬ ನಾಯಕರ ಚರಿತ್ರೆ ಬರೆದುಕೊಡಿ ಎಂದು ಅವರ ಕಡೆಯವರು ಮನೆಗೇ ಬರುತ್ತಾರೆ. ನನಗೆ ಗೊತ್ತಿದ್ದ ಒಳ್ಳೆಯ ಕಥೆಗಾರರೊಬ್ಬರು ಹಾಗೆ ಹೋದವರು ಮತ್ತೆ ಕಥೆಗೆ ಮರಳಲಿಲ್ಲ.

ಇನ್ನೊಂದು ಕೆಲಸ ಬಾಕಿಯಿದೆ. ನಿನ್ನ ಪುಸ್ತಕ 1979ರಲ್ಲಿ ಇಂದಿರಾ ಅವರೊಡನೆ ಮುರಿದುಬಿದ್ದದ್ದನ್ನು ಹೇಳಿ, ಒಂದೇ ಜಿಗಿತಕ್ಕೆ 1982ರ ಜೂನ್ 6ರ ಸಾವಿಗೆ ಬಂದುಬಿಡುತ್ತದೆ. ನಡುವಿನದು ಎಲ್ಲಿ? 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು, ಅರಸರ ಪಕ್ಷಕ್ಕೆ ಒಂದೂ ಇಲ್ಲ. ಟಿಕೆಟ್ ಕೊಟ್ಟು ಬೆಳೆಸಿದ ಶಾಸಕರು ಸಾಲುಸಾಲಾಗಿ ಹೊಸ ಮುಖ್ಯಮಂತ್ರಿ ಗುಂಡೂರಾಯರ ಕಡೆ ನಡೆದರು. ಹಾಗೆ ನಡೆದವರಲ್ಲಿ ಎಷ್ಟೋ ಮಂದಿ ಆಮೇಲೆ ಅರಸರ ಜಯಂತಿಗಳಲ್ಲಿ ಗದ್ಗದಿತರಾಗಿ ಭಾಷಣ ಮಾಡಿದರು. ಅಧಿಕಾರವಿಲ್ಲದ ಆ ಎರಡೂವರೆ ವರ್ಷ ಆ ಮನುಷ್ಯ ಏನು ಮಾಡಿದರು, ಕ್ರಾಂತಿರಂಗವೆಂಬ ಹೊಸ ಪಕ್ಷ ಕಟ್ಟಲು ಯಾರ್‍ಯಾರು ಜೊತೆಗೆ ಬಂದರು, ಯಾರು ಮನೆಯಲ್ಲಿಲ್ಲವೆಂದು ಹೇಳಿಸಿದರು? ಆ ಕಾಲದ ದಿನಪತ್ರಿಕೆಗಳನ್ನು ಹಳೆಯ ಗ್ರಂಥಾಲಯಗಳಲ್ಲಿ ಹುಡುಕು, ವಿಧಾನಸಭೆಯ ನಡಾವಳಿಗಳನ್ನು ಓದು. ಆಗ ಅವರ ಸುತ್ತ ಇದ್ದವರಲ್ಲಿ ಬದುಕಿರುವವರು ಈಗ ಬೆರಳೆಣಿಕೆಯಷ್ಟು, ತಡ ಮಾಡಬೇಡ.

ಬರೆದಾದ ಮೇಲೆ ಆ ಅಧ್ಯಾಯವನ್ನು ಮಾತ್ರ ಕಳಿಸು. ಮೊಬೈಲಿಗೆ ಬೇಡ, ಅಕ್ಷರ ಕಾಣಿಸುವುದಿಲ್ಲ. ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆಸಿ ಅಂಚೆಗೆ ಹಾಕು.

ಇಂತಿ,
ನಿನ್ನ ಹಿತೈಷಿ