ಡಾಕಿಂಗ್ ಅಂಕ ಮದ್ದಲ್ಲ

ಮಾನ್ಯ ಸಂಪಾದಕರೇ,

‘ಕ್ಯಾನ್ಸರ್‌ಗೆ ಮದ್ದು ಕಂಡುಹಿಡಿದ ಕಂಪ್ಯೂಟರ್’ ಎಂಬ ಧಾಟಿಯ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಪರಮ್ ಸೂಪರ್‌ಕಂಪ್ಯೂಟರ್ ರೂಪುಗೊಂಡ ಪುಣೆಯಲ್ಲಿ ಈ ಕೆಲಸ ಕಲಿಯುತ್ತಿರುವ ಕನ್ನಡದ ಮಕ್ಕಳೂ ಇದ್ದಾರೆ. ಅವರಿಗಾಗಿಯೂ ಈ ಪತ್ರ.

ಇಂಥ ಸುದ್ದಿಯ ಹಿಂದೆ ಹಲವು ಸಲ ಇರುವುದು ಡಾಕಿಂಗ್ ಎಂಬ ಕಂಪ್ಯೂಟರ್ ಲೆಕ್ಕ. ಡಾಕಿಂಗ್ ಎಂದರೆ ಮದ್ದಿನ ಅಣು ಪ್ರೋಟೀನಿನ ಗುಳಿಯಲ್ಲಿ ಹೇಗೆ ಕೂತೀತು ಎಂದು ಅಂದಾಜಿಸಿ ಅದಕ್ಕೊಂದು ಅಂಕ ಕೊಡುವುದು ಮಾತ್ರ. ಅದು ಪ್ರೋಟೀನನ್ನು ಹೆಚ್ಚುಕಡಿಮೆ ಕಲ್ಲಿನಂತೆ ಅಲುಗಾಡದ್ದೆಂದು ಹಿಡಿಯುತ್ತದೆ. ಅದರ ಮುಂದಿನದು ಸಿಮ್ಯುಲೇಶನ್, ಅಂದರೆ ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕಹಾಕುವುದು. ಅದರಲ್ಲಿ ಎಲ್ಲವೂ ಚಲಿಸುತ್ತದೆ: ಸುತ್ತ ನೀರಿನ ಅಣು ತುಂಬಿ, 0.15 ಮೋಲಾರ್ ಉಪ್ಪು ಸೇರಿಸಿ, 310 ಕೆಲ್ವಿನ್‌ಗೆ (ಮೈಯ ಬಿಸಿಗೆ) ತಂದು, ಒತ್ತಡ ಒಂದು ಮಟ್ಟದಲ್ಲಿ ಸ್ಥಿರವಾದ ಮೇಲೆ ಓಡಿಸಬೇಕು. ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡ್ (ಒಂದು ಫೆಮ್ಟೋಸೆಕೆಂಡ್ ಎಂದರೆ ಮೈಕ್ರೋಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು). ಒಂದು ಮೈಕ್ರೋಸೆಕೆಂಡಿಗೆ 50 ಕೋಟಿ ಹೆಜ್ಜೆ.

ಎಡವುವುದು ಹೆಚ್ಚಾಗಿ ಶುರುವಿನಲ್ಲೇ. ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದಾದ ಹಿಸ್ಟಿಡಿನ್‌ನ ಹೈಡ್ರೋಜನ್ ಯಾವ ನೈಟ್ರೋಜನ್ ಮೇಲಿದೆ ಎಂದು ಕಣ್ಣಾರೆ ನೋಡದೆ ತಂತ್ರಾಂಶಕ್ಕೆ ಬಿಟ್ಟರೆ, ಇರಬೇಕಾದ ಬಂಧ ತಪ್ಪಿ ಒಳ್ಳೆಯ ಅಣುವೂ ಗುಳಿಯಿಂದ ಜಾರಬಹುದು. ಒಂದೇ ಓಟವನ್ನು ನಂಬಬಾರದು. ಆರಂಭದ ವೇಗಗಳನ್ನು ಬದಲಿಸಿ ಕನಿಷ್ಠ ಮೂರು ಸಲ ಓಡಿಸಬೇಕು.

ಸಿಮ್ಯುಲೇಶನ್ನಿನ ನಿಜವಾದ ಬಲ ಬೇರೆ ಕಡೆ ಇದೆ. ರಕ್ತಕ್ಯಾನ್ಸರ್‌ನ ಒಂದು ಬಗೆಗೆ ಕೊಡುವ ಇಮ್ಯಾಟಿನಿಬ್, ತಾನು ಹಿಡಿಯಬೇಕಾದ ಏಬಿಎಲ್ ಪ್ರೋಟೀನಿನ 315ನೇ ಜಾಗದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಹೋಗಿ ಐಸೊಲ್ಯೂಸಿನ್ ಎಂಬುದು ಬಂದಾಗ ನಾಟುವುದಿಲ್ಲ. ಹೈಡ್ರೋಜನ್ ಬಂಧವೂ ಹೋಗುತ್ತದೆ, ಜಾಗವೂ ಇಕ್ಕಟ್ಟಾಗುತ್ತದೆ. ಇಂಥ ‘ಯಾಕೆ’ಗೆ ಸಿಮ್ಯುಲೇಶನ್ ಪರಮಾಣು ಮಟ್ಟದಲ್ಲಿ ಉತ್ತರ ಹುಡುಕುತ್ತದೆ. ಆದರೆ ಮದ್ದಿನ ಅಣುವನ್ನು ಯಕೃತ್ತು ಒಡೆದುಹಾಕೀತೇ ಎಂಬುದನ್ನು ಈ ಓಟ ಹೇಳದು.

ಆದ್ದರಿಂದ ಇಂಥ ವರದಿಯಲ್ಲಿ, ಜೀವಕೋಶಗಳ ಮೇಲೆ ಪರೀಕ್ಷೆ ಆಗಿದೆಯೇ ಎಂಬುದನ್ನು ತಲೆಬರಹದ ಕೆಳಗೇ ದಯವಿಟ್ಟು ಹಾಕಿ. ಇಂಥ ವರದಿಗಳನ್ನು ರೋಗಿಗಳ ಮನೆಯವರು ಓದುತ್ತಾರೆ.

– ಇಬ್ಬರು ಓದುಗರು, ಪುಣೆ